ಬಾಣಂತಿ ಕೋಣೆಯ ಬೆಳಕಿಂಡಿ

ನಮ್ಮ ಮನೆಯೊಳಕ್ಕೆ ಗಾಳಿಗೆ ಅಪ್ಪಣೆ ಇರಲಿಲ್ಲ. ಕಳ್ಳ ಬಂದನೆಂದರೂ ಅಜ್ಜಿ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಲಸೂರು ಕೆರೆಯ ಕಡೆಯಿಂದ ಒಂದಿಷ್ಟು ತಂಗಾಳಿ ಬೀಸಿದರೆ ಸಾಕು, ಸೆರಗನ್ನು ತಲೆಗೆ ಸುತ್ತಿಕೊಂಡು ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿಕೊಂಡು ಬರುತ್ತಿದ್ದಳು. ಶೀತ, ಕೆಮ್ಮು, ಸನ್ನಿ, ದೆವ್ವ, ನೆರೆಯವರ ಕೆಟ್ಟ ಕಣ್ಣು, ಎಲ್ಲವೂ ಗಾಳಿಯ ಜೊತೆಗೇ ಬರುತ್ತವೆ ಎಂಬುದು ಅವಳ ಸಿದ್ಧಾಂತ. ಬಜಾರು ಬೀದಿಯ ಹಿಂದಿನ ಗಲ್ಲಿಯಲ್ಲಿ ನಮ್ಮದು ರೈಲು ಡಬ್ಬಿಯಂತೆ ಉದ್ದಕ್ಕೆ ಚಾಚಿಕೊಂಡ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಬಲಕ್ಕೆ ಒಳಕೋಣೆ, ಹಿಂದೆ ಅಡುಗೆಮನೆ, ಹಿತ್ತಲು, ಹಿತ್ತಲ ಮೂಲೆಯಲ್ಲಿ ಎಂದೋ ಎಮ್ಮೆ ಕಟ್ಟುತ್ತಿದ್ದ ಕೊಟ್ಟಿಗೆ. ಒಳಕೋಣೆಗೆ ಮಣ್ಣಿನ ಮಾಳಿಗೆ, ಮೊಳ ದಪ್ಪದ ಗೋಡೆ, ಕಿಟಕಿ ಇಲ್ಲ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಮಾತ್ರ. ಅದರ ಗಾಜನ್ನು ನಾಲ್ಕು ಇಟ್ಟಿಗೆ ಚೂರುಗಳ ಮೇಲೆ ಎತ್ತಿ ಕೂರಿಸಿದ್ದರಿಂದ ಸುತ್ತಲೂ ನಾಲ್ಕು ಬೆರಳಿನಷ್ಟು ಸಂದಿ ಇತ್ತು. ಕೊಟ್ಟಿಗೆಗೆ ನಾಡಹೆಂಚು. ಆ ಹೆಂಚಿನ ಸಂದಿಗಳಲ್ಲಿ ಬಿಸಿಲು, ಮಳೆ, ಗುಬ್ಬಚ್ಚಿ, ಯಾವುದಕ್ಕೂ ತಡೆ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಎಂಬುದನ್ನು ಅವರನ್ನು ಎಲ್ಲಿ ಮಲಗಿಸುತ್ತಾರೆ ಎಂಬುದರಿಂದ ತಿಳಿಯಬಹುದಿತ್ತು.

ನಾನು ಹುಟ್ಟಿದ್ದು ಕೊಟ್ಟಿಗೆಯಲ್ಲಿ. ಅಮ್ಮನಿಗೆ ತಾಯಿ ತೀರಿಹೋಗಿದ್ದರಿಂದ ಬಾಣಂತನಕ್ಕೆ ತವರಿಗೆ ಕಳಿಸುವಂತಿರಲಿಲ್ಲ. ವರ್ತೂರಿನಿಂದ ಬಂದ ಸೊಸೆಯನ್ನು ಅಜ್ಜಿ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, 'ವರ್ತೂರೋಳೇ' ಎಂದೇ ಕೂಗುತ್ತಿದ್ದಳು. ವರ್ತೂರೋಳಿಗೆ ಹೆಣ್ಣು ಹುಟ್ಟಿದೆ, ಅದಕ್ಕೆ ಒಳಕೋಣೆ ಏಕೆ, ತುಪ್ಪ ಏಕೆ, ಇದ್ದಿಲು ಏಕೆ? ಒಡೆದ ಮಡಕೆಯ ತಳದಲ್ಲಿ ಒಂದು ಹಿಡಿ ಕೆಂಡ ಹಾಕಿ ಹಗ್ಗದ ಮಂಚದ ಕೆಳಗೆ ತಳ್ಳಿದ್ದರಂತೆ. ಹೆಂಚಿನ ಸಂದಿಯಿಂದ ಇಬ್ಬನಿ ಸುರಿದು ಅದೂ ಬೆಳಗಾಗುವ ಹೊತ್ತಿಗೆ ಬೂದಿಯಾಗುತ್ತಿತ್ತಂತೆ. ಆ ಚಳಿಯಲ್ಲಿ ಅಮ್ಮ ನನ್ನನ್ನು ಎದೆಗವಚಿಕೊಂಡು ಹಲ್ಲು ಕಡಿದುಕೊಂಡು ಮಲಗಿದ್ದಳು. ಇಬ್ಬರೂ ಬದುಕಿದೆವು. ಅಜ್ಜಿಯ ಜಿಪುಣತನದಿಂದ ಬದುಕಿದೆವು ಎಂದು ಈಗ ಹೇಳಬಲ್ಲೆ, ಆಗ ಅದು ಯಾರಿಗೆ ಗೊತ್ತು.

ಅಪ್ಪ ಮೆಕ್ಯಾನಿಕ್. ಈಗ ಶಿವಾಜಿನಗರ ಎನ್ನುವ ಜಾಗವನ್ನು ನಾವು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದೆವು. ಅಲ್ಲಿಂದ ಕೃಷ್ಣರಾಜಪುರಕ್ಕೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನವರ ಶೆಡ್ಡಿನಲ್ಲಿ ಅವನ ಕೆಲಸ. ಯುದ್ಧದ ಕಾಲ. ದಂಡು ಪ್ರದೇಶದ ತುಂಬ ಸೋಲ್ಜರುಗಳು, ಅವರ ಲಾರಿಗಳಿಗೆ ಪೆಟ್ರೋಲು, ಉಳಿದವರಿಗೆ ಇದ್ದಿಲು. ಬಸ್ಸುಗಳ ಬೆನ್ನಿಗೆ ದೊಡ್ಡ ಹಂಡೆಯಂಥ ಕಬ್ಬಿಣದ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕಿತ್ತು. ಅಪ್ಪನಿಗೆ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಕೆಲಸ. ನನಗಾಗ ಎಂಟೋ ಒಂಬತ್ತೋ. ಒಂದು ದಿನ ಮಳೆ ಹೊಯ್ಯುತ್ತಿದ್ದಾಗ ಹೋದರೆ ಶೆಡ್ಡಿನ ಮುಂದೆ ಕೆಸರಿನಲ್ಲಿ ಒಬ್ಬ ದೊಡ್ಡ ಆಳು ಅಂಗಾತ ಬಿದ್ದಿದ್ದ. ಮೂರು ಮಕ್ಕಳ ತಂದೆಯಾದ ಕ್ಲೀನರ್ ಅವನು. ಮುಖ ಕೆಂಪಗೆ ಹಣ್ಣಾಗಿತ್ತು, ಬಾಯಿಂದ ವಾಂತಿ ಇಳಿಯುತ್ತಿತ್ತು. ಇರಚಲು ಬಡಿಯುತ್ತದೆ ಎಂದು ಯಾರೋ ಶೆಡ್ಡಿನ ಬಾಗಿಲು ಎಳೆದು, ಒಳಗೆ ಪೀಪಾಯಿ ಹೊತ್ತಿಸಿಟ್ಟಿದ್ದರು. ಅಪ್ಪ ಆ ಬಾಗಿಲೆಳೆದವನ ಕಪಾಳಕ್ಕೆ ಬಾರಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಮನೆಯಲ್ಲಿ ಅಜ್ಜಿಯ ಮುಂದೆ ಕೆಮ್ಮಲೂ ಹೆದರುವ ಅಪ್ಪ ಶೆಡ್ಡಿನಲ್ಲಿ ಹುಲಿಯಾಗಿದ್ದ. ನನಗೆ ಹೆಮ್ಮೆಯಾಯಿತು. ಬಿದ್ದವನು ಮಳೆಯ ಗಾಳಿಯಲ್ಲಿ ಮೆಲ್ಲಗೆ ಕಣ್ಣು ಬಿಟ್ಟ ಮೇಲೆ ಅಪ್ಪ ನನ್ನ ಕಡೆ ತಿರುಗಿದ.

"ಕಮಲಿ, ಇದ್ದಿಲು ಉರಿಯೋ ಜಾಗದಲ್ಲಿ ಬಾಗ್ಲು ಹಾಕ್ಬಾರ್ದು. ಇದ್ದಿಲ ಗಾಳಿಗೆ ವಾಸ್ನೆ ಇಲ್ಲ, ಬಣ್ಣ ಇಲ್ಲ. ತಲೆ ಸಿಡಿಯುತ್ತೆ, ವಾಂತಿ ಬರುತ್ತೆ, ಆಮೇಲೆ ನಿದ್ದೆ ಬರುತ್ತೆ. ನಿದ್ದೆ ಬಂತು ಅಂದ್ರೆ ಮುಗೀತು."

ಇದು ನಾನು ಅಪ್ಪನಿಂದ ಕಲಿತ ಪಾಠ. ಸರಿಯಾಗಿಯೇ ಕಲಿಸಿದ್ದ, ನಾನೂ ಸರಿಯಾಗಿಯೇ ಕಲಿತಿದ್ದೆ. ಅದೇ ನಮ್ಮಿಬ್ಬರ ಮೇಲಿರುವ ಆರೋಪ.

ಆ ವರ್ಷವೇ ಜಯತ್ತೆ ಮೊದಲ ಹೆರಿಗೆಗೆ ಬಂದಳು. ಜಯತ್ತೆ ಅಪ್ಪನ ಒಬ್ಬಳೇ ತಂಗಿ, ಐದು ಹೆತ್ತ ಅಜ್ಜಿಗೆ ಉಳಿದ ಒಬ್ಬಳೇ ಮಗಳು. ಅವಳ ಗಂಡ ಮಿಲಿಟರಿ ಲಾರಿ ಓಡಿಸಲು ಅಸ್ಸಾಮಿನ ಕಡೆ ಹೋಗಿದ್ದ. ಇಪ್ಪತ್ತು ತುಂಬದ ಹುಡುಗಿ. ನಕ್ಕರೆ ಮೂಗಿನ ಮೇಲೆ ಸುಕ್ಕು ಬೀಳುತ್ತಿತ್ತು. ಅವಳಿಗಾಗಿ ಒಳಕೋಣೆ ತಯಾರಾಯಿತು. ಅದಕ್ಕೂ ಕೆಲವು ತಿಂಗಳ ಮೊದಲು, ಜಪಾನಿನವರು ಬಾಂಬು ಹಾಕುತ್ತಾರೆ, ಬೆಳಕು ಹೊರಗೆ ಕಾಣಕೂಡದು ಎಂದು ಸರ್ಕಾರದವರು ಹೇಳಿ ಹೋಗಿದ್ದರಿಂದ ಅಪ್ಪ ಬೆಳಕಿಂಡಿಯ ಗಾಜಿಗೆ ಮೈದಾ ಅಂಟಿನಿಂದ ಕಪ್ಪು ಕಾಗದ ಮೆತ್ತಿದ್ದ. ಸಂದಿಯಿಂದ ಬೆಳಕು ಸೋರುತ್ತದೆಂದು ಇಟ್ಟಿಗೆ ಚೂರು ತೆಗೆದು ಸುತ್ತಲೂ ಗಾರೆ ಮೆತ್ತಿಸಿದವಳು ಅಜ್ಜಿ. ಮೆತ್ತಿದವನು ಅಪ್ಪ. ಬಾಂಬು ಬೀಳಲಿಲ್ಲ, ಕಾಗದವನ್ನು ಯಾರೂ ಕೀಳಲೂ ಇಲ್ಲ. ಗಾಳಿಯ ದಾರಿ ಮುಚ್ಚಿತಲ್ಲ ಎಂದು ಅಜ್ಜಿಗೆ ಸಮಾಧಾನ. ಅವಳು ತನ್ನ ಐದು ಬಾಣಂತನಗಳನ್ನೂ ಅದೇ ಕೋಣೆಯಲ್ಲಿ, ಅದೇ ಅಗ್ಗಿಷ್ಟಿಕೆಯ ಮುಂದೆ ಕಳೆದಿದ್ದಳು. ತನ್ನನ್ನು ಕಾಪಾಡಿದ್ದು ಕೆಂಡ ಎಂದು ಅವಳು ತಿಳಿದಿದ್ದಳು. ಕಾಪಾಡಿದ್ದು ನಾಲ್ಕು ಬೆರಳಿನ ಸಂದಿ.

ಜಯತ್ತೆಗೆ ಹೆಣ್ಣು ಮಗುವಾಯಿತು. ಮಗಳ ಮಗುವಾದ್ದರಿಂದ ಹೆಣ್ಣಾದರೂ ಅಜ್ಜಿ ಕ್ಷಮಿಸಿದಳು. ಆಗ ಅಕ್ಕಿಗೆ ಬಂದಿದ್ದ ಬರ ಹೇಳತೀರದು. ನಾವೆಲ್ಲ ಮುದ್ದೆಗೆ ನೀರು ಸಾರು ಸುರಿದುಕೊಂಡು ನುಂಗುತ್ತಿದ್ದಾಗ ಜಯತ್ತೆಗೆ ಬಿಳಿ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ. ಕುಡಿಯಲು ಮಾತ್ರ ನೀರಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಊದುತ್ತದೆ ಎಂದು ದಿನಕ್ಕೆ ಒಂದು ಲೋಟ ಬಿಸಿನೀರು ಅಳೆದು ಕೊಡುತ್ತಿದ್ದಳು ಅಜ್ಜಿ. ಅಗ್ಗಿಷ್ಟಿಕೆಗೆ ಅಪ್ಪ ಶೆಡ್ಡಿನಿಂದ ಚೀಲದಲ್ಲಿ ಇದ್ದಿಲು ತರುತ್ತಿದ್ದ. ಬಸ್ಸಿಗೆ ಹಾಕುವ ಗಟ್ಟಿ ಇದ್ದಿಲು, ಹೊತ್ತಿಕೊಂಡರೆ ಹೊಗೆ ಇಲ್ಲ, ಆರುವ ಮಾತಿಲ್ಲ. ಪೇಟೆಯಲ್ಲಿ ಅಂಥದು ಸಿಗುತ್ತಿರಲಿಲ್ಲ. ಬಾಗಿಲು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಹೊಸ್ತಿಲ ಕೆಳಗಿನ ಸಂದಿಗೆ, ಬಾಗಿಲ ಎರಡು ಹಲಗೆಗಳ ನಡುವಿಗೆ ಹಳೆಯ ಸೀರೆಯ ಚೂರುಗಳನ್ನು ಕೋಲಿನಿಂದ ತುರುಕಬೇಕು. ಯಾರಾದರೂ ಒಳಗೆ ಹೋಗಿ ಬಂದರೆ ಮತ್ತೆ ತುರುಕಬೇಕು. ಅಜ್ಜಿ ಇಡೀ ಮನೆಯಲ್ಲಿ ನನಗೆ ಕೊಟ್ಟ ಮೊದಲ ಅಧಿಕಾರ ಅದು. ಕೊಟ್ಟಿಗೆಯಲ್ಲಿ ಹುಟ್ಟಿದವಳಿಗೆ ಒಳಕೋಣೆಯ ಕಾವಲು. ನಾನು ಕೋಲು ಹಿಡಿದು ಹೊಸ್ತಿಲ ಹೊರಗೆ ಕೂತರೆ ಅಮ್ಮನನ್ನೂ ಕೇಳಿ ಒಳಗೆ ಬಿಡುತ್ತಿದ್ದೆ. ಜಯತ್ತೆ ಅಜ್ಜಿಯ ಕಣ್ಣು ತಪ್ಪಿಸಿ ನನಗೊಂದು ತುಪ್ಪದನ್ನದ ತುತ್ತು ಕೊಡುತ್ತಿದ್ದಳು. ನಾನು ಅವಳಿಗೆ ಬಾಯಲ್ಲಿ ನೀರು ತುಂಬಿಕೊಂಡು ಹೋಗಿ ಲೋಟಕ್ಕೆ ಉಗುಳಿ ಕೊಡುತ್ತಿದ್ದೆ. ಅಸಹ್ಯ ಎನ್ನುವವರು ಬೇಸಿಗೆಯಲ್ಲಿ ಒಂದು ದಿನ ಬಾಯಾರಿಕೆಯಿಂದ ಇದ್ದು ನೋಡಲಿ.

ನಾಲ್ಕನೆಯ ದಿನಕ್ಕೆ ಜಯತ್ತೆಗೆ ತಲೆನೋವು ಶುರುವಾಯಿತು. ಆಮೇಲೆ ವಾಕರಿಕೆ. ಎದ್ದು ಕೂತರೆ ಗೋಡೆ ತಿರುಗುತ್ತದೆ ಎನ್ನುತ್ತಿದ್ದಳು. ಅಜ್ಜಿಗೆ ಅದು ಶೀತ ಏರುತ್ತಿರುವ ಲಕ್ಷಣ, ಹೀಗೇ ಬಿಟ್ಟರೆ ಬಾಣಂತಿ ಸನ್ನಿ. ಔಷಧಿ ಒಂದೇ, ಇನ್ನಷ್ಟು ಕೆಂಡ. ಕೆಂಡ ಹೆಚ್ಚಾದಷ್ಟೂ ತಲೆನೋವು ಹೆಚ್ಚಿತು, ತಲೆನೋವು ಹೆಚ್ಚಿದಷ್ಟೂ ಕೆಂಡ. ಅದರ ನಡುವೆ ಜಯತ್ತೆಯ ಕೆನ್ನೆಗೆ ಬಣ್ಣ ಬಂತು. ಮೊದಲೇ ಬೆಳ್ಳಗಿದ್ದವಳು, ಈಗ ತುಟಿ ಕೆನ್ನೆಗಳೆಲ್ಲ ಕೆಂಪು. ನೋಡಲು ಬಂದ ಗಲ್ಲಿಯ ಹೆಂಗಸರ ಮುಂದೆ ಅಜ್ಜಿ ಮಗಳ ಗದ್ದ ಹಿಡಿದು ದೀಪದ ಕಡೆ ತಿರುಗಿಸಿ ತೋರಿಸುತ್ತಿದ್ದಳು. ಬಾಣಂತನ ಅಂದರೆ ಹೀಗೆ ಮಾಡಬೇಕು ಎಂದು ಅವರೂ ಲಟಿಕೆ ಮುರಿದು ಹೋಗುತ್ತಿದ್ದರು. ಊಟ ಕೊಡಲು ಒಳಗೆ ಹೋಗಿ ಬರುತ್ತಿದ್ದ ಅಮ್ಮನಿಗೆ ಕಾಲು ಗಂಟೆಯಲ್ಲಿ ತಲೆ ಹಿಡಿದುಕೊಳ್ಳುತ್ತಿತ್ತು. ಒಂದು ದಿನ ಧೈರ್ಯ ಮಾಡಿ, ಬಾಗಿಲು ಸ್ವಲ್ಪ ಹೊತ್ತು ತೆಗೆದಿಡಬಹುದೇನೋ ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ಅನ್ನ ಬಸಿಯುತ್ತಿದ್ದವಳು ತಲೆ ಎತ್ತಲೂ ಇಲ್ಲ.

"ನಿನ್ಗೆ ಸಿಕ್ದೆ ಇದ್ದಿದ್ದು ನನ್ ಮಗಳ್ಗೆ ಸಿಕ್ತು ಅಂತ ಹೊಟ್ಟೆ ಉರೀತದೆ ಅಲ್ವಾ ವರ್ತೂರೋಳೇ? ಆ ಉರಿಗೇ ನನ್ ಮಗಳ್ಗೆ ತಲೆನೋವು ಬಂದಿರೋದು."

ಅಮ್ಮ ಅಂದಿನಿಂದ ಬಾಯಿ ಮುಚ್ಚಿದಳು. ಅದರಲ್ಲಿ ಅವಮಾನ ಎಷ್ಟಿತ್ತು, ಆಗಲಿ ಅನುಭವಿಸಲಿ ಎಂಬುದು ಎಷ್ಟಿತ್ತು ಎಂದು ನಾನು ಅಮ್ಮನನ್ನು ಕೊನೆಯವರೆಗೂ ಕೇಳಲಿಲ್ಲ. ಅವಳು ದೇವತೆಯಲ್ಲ. ಆ ಮನೆಯಲ್ಲಿ ದೇವತೆಯಾಗಿ ಉಳಿಯಲು ಸಾಧ್ಯವಿರಲಿಲ್ಲ.

ನಾನು ಅಪ್ಪನಿಗೆ ಹೇಳಿದೆ. ಊಟಕ್ಕೆ ಕೂತಿದ್ದೆವು, ಜಯತ್ತೆಗೂ ಶೆಡ್ಡಿನ ಕ್ಲೀನರಿನ ಹಾಗೆಯೇ ಆಗುತ್ತಿದೆ, ಮುಖವೂ ಹಾಗೆಯೇ ಕೆಂಪಾಗಿದೆ ಎಂದೆ. ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. ಅವನು ಒಳಕೋಣೆಯ ಬಾಗಿಲನ್ನು ನೋಡಿದ, ಆಮೇಲೆ ಒಲೆಯ ಮುಂದಿದ್ದ ಅಜ್ಜಿಯ ಬೆನ್ನನ್ನು ನೋಡಿದ. ಬಾಣಂತಿ ಕೋಣೆಯ ವಿಷಯ ಗಂಡಸು ಎತ್ತುವಂಥದಲ್ಲ. ಎತ್ತಿದರೆ ಅಜ್ಜಿ ಮೂರು ದಿನ ಊಟ ಬಿಟ್ಟು ಜಗಲಿಯ ಮೇಲೆ ಕೂತು ಗಲ್ಲಿಗೆಲ್ಲ ಕೇಳುವಂತೆ ಅಳುತ್ತಾಳೆ. ಅಪ್ಪ ಮುದ್ದೆಯನ್ನು ಸಾರಿಗೆ ಅದ್ದಿದ.

"ಊಟ ಮಾಡು."

ಇಷ್ಟೇ. ಮಾರನೆಯ ದಿನ ನಾನೇ ಬಾಗಿಲ ಚಿಂದಿ ಕಿತ್ತು ಅಗಲಕ್ಕೆ ತೆರೆದಿಟ್ಟೆ. ಜಯತ್ತೆ ಬಾಗಿಲ ಕಡೆ ಮುಖ ತಿರುಗಿಸಿ, ನೀರಿಗೆ ಬಾಯಿ ಹಾಕಿದ ಕರುವಿನ ಹಾಗೆ ಗಾಳಿ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು ನನ್ನನ್ನು ನೋಡಿ ನಕ್ಕಳು. ಅಷ್ಟರಲ್ಲಿ ಅಜ್ಜಿ ಬಂದಳು. ಬೈಯಲಿಲ್ಲ. ಅಗ್ಗಿಷ್ಟಿಕೆಯಲ್ಲಿದ್ದ ಇಕ್ಕಳ ತೆಗೆದು ನನ್ನ ಎಡಗೈ ಮಣಿಕಟ್ಟಿನ ಒಳಗೆ ಒತ್ತಿದಳು. ಒತ್ತಿ ಹಿಡಿದುಕೊಂಡು, ನನ್ನ ಮಗಳು ಸತ್ತರೆ ನಿನ್ನನ್ನು ಇದೇ ಕೆಂಡದಲ್ಲಿ ಹೂಳುತ್ತೇನೆ ಎಂದು ಮೆಲ್ಲನೆ ಹೇಳಿದಳು. ಆಮೇಲೆ ತಾನೇ ಬರೆಗೆ ಬೆಣ್ಣೆ ಹಚ್ಚಿ, ಕೋಲನ್ನು ಮತ್ತೆ ನನ್ನ ಕೈಗೆ ಕೊಟ್ಟಳು. ಆ ಬರೆ ಈಗಲೂ ಇದೆ. ವಯಸ್ಸಾಗಿ ಚರ್ಮ ಸುಕ್ಕಾದ ಮೇಲೆ ಅದೊಂದೇ ಜಾಗ ನುಣ್ಣಗೆ ಉಳಿದಿದೆ.

ಹದಿಮೂರನೆಯ ದಿನ ಶುಕ್ರವಾರ, ಎಣ್ಣೆ ಸ್ನಾನ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹಂಡೆಯ ತುಂಬ ಕುದಿಯುವ ನೀರು ಕಾಯಿಸಿ, ಹರಳೆಣ್ಣೆ ತಿಕ್ಕಿ, ಜಯತ್ತೆಯ ಮೈ ಬೇಯುವ ಹಾಗೆ ಎರೆದು ತಂದು ಮಲಗಿಸಿದರು. ಎರಡು ಕಂಬಳಿ, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿ. ಅವಳ ಕೈಕಾಲು ನಡುಗುತ್ತಿದ್ದುದರಿಂದ ಅಂದು ಅಜ್ಜಿ ಎರಡು ಅಗ್ಗಿಷ್ಟಿಕೆ ಇಟ್ಟಳು. ಎರೆದು ಎರೆದು ಸುಸ್ತಾಗಿದ್ದ ಅವಳು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದಳು. ಅಮ್ಮ ಕೂಪನ್ನಿನ ಸೀಮೆಎಣ್ಣೆಗೆ ಸಾಲಿನಲ್ಲಿ ನಿಲ್ಲಲು ಬಜಾರಿಗೆ ಹೋದಳು. ಅಪ್ಪ ಶೆಡ್ಡಿನಲ್ಲಿದ್ದ. ನಾನು ಹೊಸ್ತಿಲ ಹೊರಗೆ ಕೋಲು ಹಿಡಿದು ಕೂತಿದ್ದೆ. ಒಳಗಿನಿಂದ ಜಯತ್ತೆ ನನ್ನನ್ನು ಕರೆದಳು. ಬಾಗಿಲು ಒಂಚೂರು ತೆಗೆ ಎಂದಳು. ನಾನು ನಿದ್ದೆ ಮಾಡುತ್ತಿದ್ದ ಅಜ್ಜಿಯನ್ನು ನೋಡಿದೆ, ಮಣಿಕಟ್ಟನ್ನು ನೋಡಿಕೊಂಡೆ. ಮತ್ತೆ ಕರೆದಳು. ಈ ಸಲ ನಾಲಿಗೆ ತೊದಲುತ್ತಿತ್ತು. ಅಜ್ಜಿ ಬೈತಾಳೆ ಎಂದು ಸಂದಿಯಲ್ಲಿ ಬಾಯಿಟ್ಟು ಹೇಳಿದೆ. ಆಮೇಲೆ ನೆಲದ ಮೇಲೆ ಏನೋ ಎಳೆದ ಸದ್ದು. ಅವಳು ಮಂಚದಿಂದ ಇಳಿದು ತೆವಳಿಕೊಂಡು ಮಗುವನ್ನು ಬಾಗಿಲವರೆಗೆ ತಂದಿದ್ದಳು.

"ಕಮಲಿ, ನಂಗಾಗಲ್ಲ. ಇವಳ್ನಾದ್ರೂ ಹೊರಗೆ ಕರ್ಕೊಂಡ್ಹೋಗು."

ನಾನು ಒಂದು ಹಲಗೆಯನ್ನು ಮಗು ಹಿಡಿಸುವಷ್ಟೇ ತೆಗೆದೆ. ಬಟ್ಟೆ ಸುತ್ತಿದ ಮಗುವನ್ನು ಎಳೆದುಕೊಂಡೆ. ಜಯತ್ತೆಯ ಕೈ ಹಲಗೆಯ ಅಂಚಿನ ಮೇಲಿತ್ತು. ಆ ಬೆರಳುಗಳನ್ನು ನಾನು ಮೆತ್ತಗೆ ಒಳಗೆ ತಳ್ಳಿ ಬಾಗಿಲು ಹಾಕಿದೆ. ಚಿಂದಿ ತುರುಕಿದೆ. ಎಂದಿಗಿಂತ ಬಿಗಿಯಾಗಿ ತುರುಕಿದೆ, ಅಜ್ಜಿ ಎದ್ದು ಬಂದು ನೋಡಿದರೆ ಮೆಚ್ಚಬೇಕು ಎಂದು. ಭಯದಿಂದ ಮಾಡಿದೆ ಎಂದು ಬರೆದರೆ ಓದುವವರು ಕ್ಷಮಿಸಿಬಿಡುತ್ತೀರಿ. ಅರ್ಧ ಭಯ ನಿಜ. ಇನ್ನರ್ಧ, ಒಪ್ಪಿಸಿದ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದೇನೆ ಎಂಬ ಹಮ್ಮು. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆ ಮಗುವಿಗೂ ಹೇಳಿಲ್ಲ, ಅವಳಿಗೀಗ ಮೊಮ್ಮಕ್ಕಳಿದ್ದಾರೆ. ಅವಳು ಇದನ್ನು ಓದುತ್ತಾಳೆ. ಓದಲಿ.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಮಳೆ ನೋಡುತ್ತಾ ಕೂತೆ. ಅಜ್ಜಿ ಎದ್ದು ಕಷಾಯ ಹಿಡಿದು ಒಳಗೆ ಹೋದವಳು ಹಾಗೆಯೇ ತುದಿಗಾಲಲ್ಲಿ ಹೊರಗೆ ಬಂದಳು. ಹೆರಿಗೆಯಾದ ಮೇಲೆ ಮಗಳು ಇವತ್ತೇ ಇಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿರುವುದು, ಮಂಚ ಬಿಟ್ಟು ಬಾಗಿಲ ಬಳಿ ನೆಲದ ಮೇಲೇ ಮಲಗಿಬಿಟ್ಟಿದ್ದಾಳೆ, ಮುಖ ನೋಡಿದರೆ ದೃಷ್ಟಿಯಾಗುವ ಹಾಗಿದೆ ಎಂದಳು. ಮೇಲೊಂದು ಕಂಬಳಿ ಹೊದಿಸಿ ಬಂದಿದ್ದಳು. ಎದುರು ಮನೆಯವಳನ್ನು ಕರೆದು ಬಾಗಿಲ ಸಂದಿಯಿಂದ ತೋರಿಸಿದಳು ಕೂಡ. ಗದ್ದಲ ಮಾಡಬೇಡ ಎಂದು ನನಗೆ ಸನ್ನೆ ಮಾಡಿ, ಮಗುವಿನ ಬಾಯಿಗೆ ಸಕ್ಕರೆ ನೀರು ಬಿಟ್ಟಳು. ನಾವು ಒಂದು ಹೆಣ ಎಚ್ಚರವಾದೀತೆಂದು ಪಿಸುಮಾತಿನಲ್ಲಿ ಆಡುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಅಮ್ಮ ಸೀಮೆಎಣ್ಣೆ ತಂದಳು. ಮಗು ಹಾಲಿಗೆ ಚೀರುತ್ತಿದ್ದುದನ್ನು ಕಂಡು ನೇರ ಒಳಗೆ ಹೋದಳು. ಕಾಲಿನಿಂದಲೇ ಎರಡು ಅಗ್ಗಿಷ್ಟಿಕೆಗಳನ್ನೂ ನಡುಮನೆಗೆ, ನಡುಮನೆಯಿಂದ ಜಗಲಿಗೆ, ಅಲ್ಲಿಂದ ಬೀದಿಯ ಮಳೆಗೆ ಒದ್ದಳು. ಕೆಂಡ ನೀರಿನಲ್ಲಿ ಚುರ್ ಎಂದಿತು. ಅಮ್ಮನ ಪಾದದ ಮೇಲೆ ಗುಳ್ಳೆಗಳೆದ್ದಿದ್ದವು.

ಅಪ್ಪ ಕರೆತಂದ ಡಾಕ್ಟರು ದಂಡಿನ ಆಂಗ್ಲೋ ಇಂಡಿಯನ್ ಮುದುಕ, ಕನ್ನಡ ಬಾರದು. ಜಯತ್ತೆಯ ಕಣ್ಣೆವೆ ಬಿಡಿಸಿ, ತುಟಿಯ ಬಣ್ಣ ನೋಡಿ, ಕೋಣೆಯ ನಡುವೆ ನಿಂತು ಮೂಗು ಎಳೆದ. ನೆಲದ ಮೇಲೆ ಅಗ್ಗಿಷ್ಟಿಕೆ ಇದ್ದ ಜಾಗದ ಎರಡು ಗುಂಡನೆಯ ಗುರುತುಗಳನ್ನು ಬೆತ್ತದಿಂದ ತೋರಿಸಿದ. ಬೆತ್ತ ಎತ್ತಿ ಕಪ್ಪು ಬೆಳಕಿಂಡಿಗೆ ತಟ್ಟಿದ. ಬಾಗಿಲ ಚಿಂದಿಯನ್ನು ಬೆತ್ತದ ತುದಿಯಿಂದ ಕೆದಕಿದ. ಆಗ ನಾನು ಕೋಲನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಮುದುಕ ಅಪ್ಪನ ಮುಖಕ್ಕೆ ಮುಖ ಕೊಟ್ಟು ಬಹಳ ಹೊತ್ತು, ಸಿಟ್ಟಿನಿಂದ ಇಂಗ್ಲಿಷಿನಲ್ಲಿ ಮಾತಾಡಿದ. ಅಪ್ಪ ಕೈಕಟ್ಟಿ ನಿಂತು ಎಸ್ ಸಾರ್, ಎಸ್ ಸಾರ್ ಎನ್ನುತ್ತಿದ್ದ. ಡಾಕ್ಟರು ಹೋದ ಮೇಲೆ ಅಜ್ಜಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನಂತೆ ಎಂದು ಕೇಳಿದಳು.

"ಎದೆ ನಿಂತೋಯ್ತಂತೆ ಅವ್ವ. ಯಾರ್ ಕೈಲೂ ಏನೂ ಇರ್ಲಿಲ್ವಂತೆ."

ಅಷ್ಟು ಉದ್ದದ ಮಾತು ಕನ್ನಡಕ್ಕೆ ಬರುವಾಗ ಇಷ್ಟು ಚಿಕ್ಕದಾಯಿತಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ನನಗೂ ಅದೇ ಬೇಕಿತ್ತು.

ಆದರೆ ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂಬ ಮಾತು ಹೆತ್ತವಳಿಗೆ ಎಷ್ಟು ದಿನ ಸಾಕಾಗುತ್ತದೆ? ಅಜ್ಜಿಗೆ ಒಂದು ಕುತ್ತಿಗೆ ಬೇಕಿತ್ತು. ಸತ್ತಾಗ ಮಗು ತಾಯಿಯ ಪಕ್ಕದಲ್ಲಿರಲಿಲ್ಲ, ಹೊರಗಿತ್ತು ಎಂಬುದನ್ನು ಗಲ್ಲಿಯ ಹೆಂಗಸರು ಹಿಡಿದುಕೊಂಡರು. ಹಾಸಿಗೆಯಲ್ಲಿದ್ದ ಮಗು ಹೊಸ್ತಿಲು ದಾಟಿದ ಗಳಿಗೆಯಲ್ಲೇ ತಾಯಿ ಹೋಗಿದ್ದಾಳೆ, ಅವಳ ಪ್ರಾಣವನ್ನು ಇದು ತೆಗೆದುಕೊಂಡು ಬಂದಿದೆ ಎಂದು ಲೆಕ್ಕ ಹಾಕಿದರು. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಆ ಮಗುವಿನ ಮೇಲೆ ಸಾಕ್ಷಿಯಾಗಿ ನಿಂತಿತು. ಅಸ್ಸಾಮಿನಿಂದ ಮಾವ ಬಂದು, ಹತ್ತು ದಿನ ಇದ್ದು, ಮಗುವಿನ ಮುಖ ನೋಡದೆ ಹೋದ. ಆಮೇಲೆ ಬೇರೆ ಮದುವೆಯಾದನಂತೆ. ಮಗುವಿಗೆ ನಾಮಕರಣ ಮಾಡಲಿಲ್ಲ. ಅಜ್ಜಿ ಅದನ್ನು 'ತಾಯಿ ತಿಂದೋಳು' ಎಂದಳು, ಅದೇ ಹೆಸರಾಯಿತು. ತಾಯಿ ತಿಂದೋಳಿಗೆ ಗಂಜಿ ಹಾಕು, ತಾಯಿ ತಿಂದೋಳನ್ನು ಬಾಗಿಲಿಂದ ಎತ್ತು, ಹೊರಗೆ ಹೊರಟಾಗ ತಾಯಿ ತಿಂದೋಳು ಎದುರು ಬಂತು. ಸಿಟ್ಟಿನಿಂದಲೂ ಅಲ್ಲ, ಉಪ್ಪು ಕೊಡು ಎಂದ ಹಾಗೆ. ಎಲ್ಲರ ಊಟವಾದ ಮೇಲೆ ತಳ ಸೊಟ್ಟಗಾದ ಒಂದು ತಟ್ಟೆಯಲ್ಲಿ ಅದಕ್ಕೆ ಊಟ. ಅದು ಮಲಗುತ್ತಿದ್ದುದು ಕೊಟ್ಟಿಗೆಯಲ್ಲಿ. ಅಮ್ಮ ಕದ್ದು ಹಾಲು ಕೊಡುತ್ತಿದ್ದಳು, ಎದುರಿಗೆ ಒಂದು ಮಾತು ಆಡುತ್ತಿರಲಿಲ್ಲ. ಅಪ್ಪನಿಗೆ ಆ ಮಗು ಎದುರಾದರೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಮೂರು ವರ್ಷದವಳಾದಾಗ ಗಲ್ಲಿಗ್ಯಾರೋ ಹೊಸಬರು ಬಂದು, ಏನು ಮಗು ನಿನ್ನ ಹೆಸರು ಎಂದು ಕೇಳಿದರೆ, ಎರಡು ಕೈ ಹಿಂದೆ ಕಟ್ಟಿಕೊಂಡು ಜಾಣೆಯ ಹಾಗೆ ಸ್ಪಷ್ಟವಾಗಿ ಹೇಳಿದಳು. ತಾಯಿ ತಿಂದೋಳು. ನಾನು ಪಕ್ಕದಲ್ಲೇ ಇದ್ದೆ. ತಿದ್ದಲಿಲ್ಲ.

ಯುದ್ಧ ಮುಗಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಅಮ್ಮನ ಕಾಲ ಬಂತು. ಅವಳಿಗೆ ಗಂಡು ಹುಟ್ಟಿತು. ಅಜ್ಜಿ ಸೂಲಗಿತ್ತಿಗೆ ಹೊಸ ಸೀರೆ ಕೊಟ್ಟಳು, ಜಯತ್ತೆ ಹೋದಂದಿನಿಂದ ಹಾಕಿದ್ದ ಒಳಕೋಣೆಯ ಬೀಗ ತೆಗೆಸಿದಳು. ಗಂಡು ಹೆತ್ತವಳು ಕೊಟ್ಟಿಗೆಯಲ್ಲಿ ಮಲಗುವುದುಂಟೇ! ನೆಲ ಸಾರಿಸಿ, ಮಂಚ ಹಾಕಿ, ಅದೇ ಎರಡು ಅಗ್ಗಿಷ್ಟಿಕೆಗಳನ್ನು ಬೂದಿ ಕೊಡವಿ ತಂದಿಟ್ಟಳು. ಅಪ್ಪನನ್ನು ಕರೆದು ಶೆಡ್ಡಿನಿಂದ ಒಂದು ಚೀಲ ಗಟ್ಟಿ ಇದ್ದಿಲು ತರಲು ಹೇಳಿದಳು. ನಾನು ದೊಡ್ಡವಳಾಗಿದ್ದೆ, ಆದರೂ ಹಳೆಯ ಕೋಲು ನನ್ನ ಕೈಗೇ ಬಂತು. ಕೋಣೆಯ ಹೊಸ್ತಿಲಲ್ಲಿ ಅಮ್ಮ ಕೂಸನ್ನು ಎತ್ತಿಕೊಂಡು ನಿಂತಳು, ಒಳಗೆ ಕಾಲಿಡಲಿಲ್ಲ. ಅಜ್ಜಿ ಅಡುಗೆಮನೆಗೆ ಹೋದ ಸಮಯ ನೋಡಿ ಅಪ್ಪನಿಗೆ ಹೇಳಿದಳು. ಅವಳು ಗಂಡನಿಗೆ ಅಪ್ಪಣೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಿಮ್ ಶೆಡ್ಡಿನ್ ಬಾಗ್ಲು ಹೆಂಗ್ ತೆಗ್ದಿಡ್ತೀರೋ ಹಂಗೆ ಇದನ್ನೂ ತೆಗೀರಿ. ನನ್ ಮಗೂನೂ ಆ ಡಾಕ್ಟ್ರಿಗೆ ತೋರ್ಸೋಕೆ ನಾನ್ ತಯಾರಿಲ್ಲ."

ಅಂದರೆ ಅಮ್ಮನಿಗೂ ಎಲ್ಲ ಗೊತ್ತಿತ್ತು. ಅಪ್ಪ ಏಣಿ ಹಾಕಿದ. ಮಾಳಿಗೆಯ ಮೇಲೆ ಅವನ ಹೆಜ್ಜೆಗಳ ಸದ್ದು ಕೇಳಿಸಿತು, ಆಮೇಲೆ ಒಂದೇ ಏಟು. ಬಸ್ಸಿನ ಸ್ಪ್ಯಾನರಿನಿಂದ ಹೊಡೆದಿದ್ದ. ಗಾಜು, ಗಾರೆ, ಕಪ್ಪು ಕಾಗದ ಎಲ್ಲ ಖಾಲಿ ಮಂಚದ ಮೇಲೆ ಬಿದ್ದವು. ಅಷ್ಟು ವರ್ಷ ಕತ್ತಲೆಯಿದ್ದ ನೆಲದ ಮೇಲೆ ಚೌಕನೆಯ ಬಿಸಿಲು ಬಿತ್ತು. ಸದ್ದಿಗೆ ಅಜ್ಜಿ ಓಡಿ ಬಂದಳು. ಅವಳು ಮೊದಲು ಬಿಸಿಲನ್ನು ನೋಡಿದಳು, ಆಮೇಲೆ ತಲೆಯೆತ್ತಿ ಆಕಾಶವನ್ನು ನೋಡಿದಳು, ಅಲ್ಲಿ ಬಗ್ಗಿದ್ದ ಮಗನ ಮುಖವನ್ನು ನೋಡಿದಳು. ಅಜ್ಜಿ ದಡ್ಡಿಯಲ್ಲ. ಅವಳು ಮಂಚದ ಅಂಚಿಗೆ ಗಾಜಿನ ಚೂರುಗಳ ನಡುವೆಯೇ ಕೂತಳು.

"ಅವತ್ತೇ ಗೊತ್ತಿತ್ತೇನೋ ನಿಂಗೆ?"

"ಗೊತ್ತಿತ್ತು ಅವ್ವ. ಹೇಳಿದ್ರೆ ಕೇಳ್ತಿದ್ಯಾ?"

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಕಣ್ಣು ನನ್ನ ಕೈಯ ಕೋಲಿನ ಮೇಲಿತ್ತು. ಅವತ್ತು ಬಾಗಿಲ ಹತ್ತಿರ ನೀನೇ ಇದ್ದೆಯಲ್ಲ, ಜಯಾ ನನ್ನನ್ನು ಕೂಗಿದಳೇ, ಏನಾದರೂ ಕೇಳಿದಳೇ ಎಂದಳು. ನನಗೆ ಆಗ ಬುದ್ಧಿ ಬಂದಿತ್ತು. ನಿಜ ಹೇಳಿದರೆ ಆ ಮಗುವಿನ ಹೆಸರು ಅಂದೇ ಕಳಚಿ ಬೀಳುತ್ತದೆ, ಅದು ತಾಯಿಯನ್ನು ತಿಂದದ್ದಲ್ಲ, ತಾಯಿಯೇ ಅದನ್ನು ಹೊರಗೆ ದಾಟಿಸಿದ್ದು ಎಂದು ಮನೆಗೆಲ್ಲ ಗೊತ್ತಾಗುತ್ತದೆ. ಜೊತೆಗೆ ಆ ಬೆರಳುಗಳನ್ನು ಒಳಗೆ ತಳ್ಳಿದ್ದು ಯಾರು ಎಂಬುದೂ.

"ಇಲ್ಲ ಅಜ್ಜಿ. ನಿದ್ದೆ ಮಾಡ್ತಿದ್ರು. ಮಗು ಅಳ್ತಿತ್ತು ಅಂತ ನಾನೇ ಎತ್ಕೊಂಡ್ ಬಂದೆ."

ಅಜ್ಜಿ ತಲೆಯಾಡಿಸಿದಳು. ನಿದ್ದೆಯಲ್ಲೇ ಹೋದಳು, ಕಷ್ಟಪಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಾಯುವವರೆಗೂ ಅವಳು ಬಂದವರಿಗೆಲ್ಲ ಆ ಮಾತು ಹೇಳುತ್ತಿದ್ದಳು, ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಳು, ನಾನು ಹೌದು ಎನ್ನುತ್ತಿದ್ದೆ. ಅಂದು ಮಾತ್ರ ಗೋಡೆ ಹಿಡಿದು ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಮಗು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬೂದಿಯಲ್ಲಿ ಆಡುತ್ತಿತ್ತು. ಅಜ್ಜಿ ಕೈ ಚಾಚಿ, ಬಾ ಮಗಳೇ ಎಂದು ಕರೆದಳು. ಮಗು ತನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿತು. ಬಂಗಾರಿ, ಬಾ ಎಂದಳು. ಮಗು ಆಟಕ್ಕೆ ಹೋಯಿತು. ಜಯಾ ಎಂದಳು, ಅವ್ವ ಎಂದಳು, ಬೇರೆ ಬೇರೆ ಹೆಸರು ಹಿಡಿದು ಕರೆದಳು. ಅದು ತಿರುಗಲೇ ಇಲ್ಲ. ಕೊನೆಗೆ ಅಜ್ಜಿ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ, ಮೆಲ್ಲಗೆ ಕೂಗಿದಳು.

"ಏ ತಾಯಿ ತಿಂದೋಳೇ, ಬಾ."

ಮಗು ಕೈಯ ಬೂದಿ ಕೊಡವಿಕೊಂಡು, ನಗುತ್ತಾ ಓಡಿ ಬಂದಿತು.